ಅಮೆರಿಕದ ಮೊದಲ ಚಿನ್ನದ ನಾಣ್ಯಗಳು: ಯಾವ ಅಚ್ಚು, ಯಾವ ಜೋಡಿ?

(ನಾಣ್ಯ ಸಂಗ್ರಾಹಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಎರಡು ನಾಣ್ಯಗಳಿವೆ ನೋಡಿ. ಎರಡೂ ಅಮೆರಿಕದ 5 ಡಾಲರಿನ ಚಿನ್ನದ ನಾಣ್ಯಗಳು. ಇದಕ್ಕೆ ಅಲ್ಲಿ ಹಾಫ್ ಈಗಲ್ ಎಂದು ಹೆಸರು. ಎಡಗಡೆಯದರ ಮೇಲೆ 1795 ಎಂದಿದೆ, ಬಲಗಡೆಯದರ ಮೇಲೆ 1798. ಈಗ ಎರಡನ್ನೂ ಮಗುಚಿ ನೋಡೋಣ. 1795ರ ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಹದ್ದು. ಎದೆಯ ಮೇಲೆ ಗುರಾಣಿ, ತಲೆಯ ಮೇಲೆ ಮೋಡಗಳ ಸಾಲು, ನಡುವೆ ನಕ್ಷತ್ರಗಳು. 1798ರ ಹಿಂಬದಿಯಲ್ಲಿ ಇರುವುದು ಪುಟ್ಟ ಹದ್ದು. ತಾಳೆಗರಿಯ ಮೇಲೆ ಕೂತು ಕೊಕ್ಕಿನಲ್ಲಿ ಎಲೆಗಳ ಹಾರ ಹಿಡಿದಿದೆ.

ಇವೆರಡರಲ್ಲಿ ಪುಟ್ಟ ಹದ್ದು ಹಳೆಯ ವಿನ್ಯಾಸ. ಗುರಾಣಿಯ ಹದ್ದು ಆಮೇಲೆ ಬಂದದ್ದು. ಚಿನ್ನದ ನಾಣ್ಯಗಳ ಮೇಲೆ ಅದು ಮೊದಲು ಕಾಣಿಸಿಕೊಂಡದ್ದೇ 1796ರಲ್ಲಿ, ಎರಡೂವರೆ ಡಾಲರಿನ ಕ್ವಾರ್ಟರ್ ಈಗಲ್ ಮೇಲೆ. ಹಾಗಿದ್ದರೆ 1795 ಎಂದು ಬರೆದಿರುವ ನಾಣ್ಯದ ಬೆನ್ನಿಗೆ ಅದು ಹೇಗೆ ಬಂತು? 1798ರ ನಾಣ್ಯಕ್ಕೆ ಹಳೆಯ ಹದ್ದು ಯಾಕೆ?

ಇವತ್ತು ನಾನು ಹೇಳಬೇಕೆಂದಿರುವುದು ಈ ಎರಡು ನಾಣ್ಯಗಳಲ್ಲೇ ಇದೆ. ನಾಣ್ಯದ ಮೇಲಿನ ಇಸವಿ ಅಚ್ಚಿನದು. ಆ ಅಚ್ಚಿನಿಂದ ನಾಣ್ಯವನ್ನು ಯಾವಾಗ ಒತ್ತಿದರು ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಯಾವ ಮುಂಬದಿ ಅಚ್ಚು ಯಾವ ಹಿಂಬದಿ ಅಚ್ಚಿನ ಜೊತೆ ಕೂಡಿತ್ತು, ಆಗ ಅವುಗಳ ಸ್ಥಿತಿ ಹೇಗಿತ್ತು ಅಂತ ನೋಡಬೇಕು. ಇದನ್ನು ಸುಮ್ನೆ ಸಂಗ್ರಾಹಕರ ಹವ್ಯಾಸ ಅಂದುಕೊಳ್ಳುವವರಿದ್ದಾರೆ. ನನ್ನ ಪ್ರಕಾರ ಆ ಕಾಲದ ಟಂಕಸಾಲೆಯ ಕಾಗದಪತ್ರಗಳಿಗಿಂತ ಕೆಲವು ವಿಷಯಗಳಲ್ಲಿ ಜಾಸ್ತಿ ನಂಬಬಹುದಾದ ದಾಖಲೆ ಇದು.

ಸ್ವಲ್ಪ ಹಿನ್ನೆಲೆ. ಅಮೆರಿಕದ ಟಂಕಸಾಲೆಗೆ ಕಾನೂನು ಆದದ್ದು 1792ರ ಏಪ್ರಿಲ್ 2ರಂದು. ಜಾಗ ಫಿಲಡೆಲ್ಫಿಯ. ಮೊದಲ ನಿರ್ದೇಶಕ ಡೇವಿಡ್ ರಿಟನ್‌ಹೌಸ್. ತಾಮ್ರದ ನಾಣ್ಯ ಬೇಗ ಶುರುವಾಯಿತು. ಚಿನ್ನ, ಬೆಳ್ಳಿ ತಡವಾಯಿತು. ಕಾರಣ ಏನೆಂದರೆ, ಚಿನ್ನ ಬೆಳ್ಳಿ ಮುಟ್ಟುವ ಅಧಿಕಾರಿಗಳು ಮೊದಲು ತಲಾ 10,000 ಡಾಲರ್ ಜಾಮೀನು ಇಡಬೇಕಿತ್ತು. ಅವರ ಸಂಬಳಕ್ಕೆ ಅದು ಎಟುಕುವ ಮೊತ್ತವೇ ಅಲ್ಲ. 1794ರಲ್ಲಿ ಸಂಸತ್ತು ಆ ಮೊತ್ತವನ್ನು ಇಳಿಸಿದ ಮೇಲೆ ಕೆಲಸ ಮುಂದೆ ಹೋಯಿತು. 1795ರ ಜುಲೈ 31ರಂದು 744 ಹಾಫ್ ಈಗಲ್‌ಗಳು ಹೊರಬಂದವು. ಅವೇ ಅಮೆರಿಕದ ಟಂಕಸಾಲೆಯ ಮೊದಲ ಚಿನ್ನದ ನಾಣ್ಯಗಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ 10 ಡಾಲರಿನ ಈಗಲ್ ಬಂತು. ಮುಂದಿನ ವರ್ಷ ಕ್ವಾರ್ಟರ್ ಈಗಲ್.

ಮೂರೂ 22 ಕ್ಯಾರಟ್ ಚಿನ್ನ. ಈಗಲ್ ತೂಕ ಸುಮಾರು 17.5 ಗ್ರಾಂ, ಹಾಫ್ ಈಗಲ್ ಅದರ ಅರ್ಧ, ಕ್ವಾರ್ಟರ್ ಈಗಲ್ ಕಾಲು ಭಾಗ. ಇವುಗಳ ಮೇಲೆ ಬೆಲೆಯನ್ನೇ ಬರೆದಿರಲಿಲ್ಲ, ಗಮನಿಸಿ. ಚಿನ್ನದ ನಾಣ್ಯದ ಬೆಲೆ ಅದರ ತೂಕದಲ್ಲಿತ್ತು. ಹಾಫ್ ಈಗಲ್ ಮೇಲೆ 5 ಡಿ. ಎಂದು ಬಂದದ್ದು 1807ರಲ್ಲಿ, ಜಾನ್ ರೈಖ್ ಹೊಸ ವಿನ್ಯಾಸ ಮಾಡಿದಾಗ. ಬೆಲೆ ಬರೆಯದ ಈ ಸಂಗತಿ ಆಮೇಲೆ ಒಂದು ಸ್ವಾರಸ್ಯದ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಅಚ್ಚು ಮಾಡುತ್ತಿದ್ದ ಬಗೆಗೆ ಬರೋಣ. ಇದನ್ನು ಸರಿಯಾಗಿ ತಿಳಿದುಕೊಂಡರೆ ಮಿಕ್ಕಿದ್ದು ಸಲೀಸು.

ಮೆದು ಉಕ್ಕಿನ ಒಂದು ತುಂಡನ್ನು ನಯ ಮಾಡುತ್ತಿದ್ದರು. ಮುಂಬದಿಯ ಸ್ವಾತಂತ್ರ್ಯದೇವಿ ಲಿಬರ್ಟಿಯ ತಲೆಗೋ ಹಿಂಬದಿಯ ಹದ್ದಿನ ಮೈಗೋ ಮೊದಲೇ ಕೊರೆದ ದೊಡ್ಡ ಪಂಚ್, ಅಂದರೆ ಹೊಡೆದು ಆಕಾರ ಮೂಡಿಸುವ ಉಕ್ಕಿನ ಮುದ್ರೆ ಇರುತ್ತಿತ್ತು. ಅದನ್ನು ಆ ಉಕ್ಕಿನೊಳಗೆ ಇಳಿಸುತ್ತಿದ್ದರು. ಇಲ್ಲಿಯವರೆಗೆ ಎಲ್ಲ ಅಚ್ಚುಗಳೂ ಹೆಚ್ಚುಕಡಿಮೆ ಒಂದೇ. ಮುಂದಿನದೆಲ್ಲ ಕೈಕೆಲಸ. ಒಂದೊಂದು ಅಕ್ಷರಕ್ಕೆ ಒಂದೊಂದು ಪಂಚ್. ಇಸವಿಯ ಅಂಕಿಗಳಿಗೆ ಬೇರೆ ಪಂಚ್. ನಕ್ಷತ್ರಕ್ಕೆ ಇನ್ನೊಂದು. ಪ್ರತಿಯೊಂದನ್ನೂ ಜಾಗ ನೋಡಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಅದೂ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಾಣುವ ಹಾಗೆ. ಎಲೆಯ ತೊಟ್ಟು, ಕಾಳು, ಬಾಣದ ತುದಿ ಮುಂತಾದ ಸಣ್ಣ ತಿದ್ದುಪಡಿಗಳನ್ನು ಉಳಿಯಲ್ಲಿ ಮಾಡುತ್ತಿದ್ದರು. ಆಮೇಲೆ ಉಕ್ಕನ್ನು ಕೆಂಪಗೆ ಕಾಸಿ, ಅದ್ದಿ, ಗಡಸು ಮಾಡಿ ಪ್ರೆಸ್ಸಿಗೆ ಏರಿಸುತ್ತಿದ್ದರು. ಈ ಕೆಲಸದ ಮುಖ್ಯಸ್ಥ ಕೆತ್ತನೆಗಾರ ರಾಬರ್ಟ್ ಸ್ಕಾಟ್.

ಒಬ್ಬರೇ ದಿನಾ ಹಾಕುವ ರಂಗೋಲಿಯೂ ಚುಕ್ಕಿಗೆ ಚುಕ್ಕಿ ಹೊಂದುವುದಿಲ್ಲ. ಹಾಗೇ ಇಲ್ಲಿ ಕೂಡ. ನಕ್ಷತ್ರ ಒಂದು ಕೂದಲೆಳೆ ಎಡಕ್ಕೆ ಜರುಗಿರುತ್ತದೆ. ಒಂದು ಅಂಕಿ ಸ್ವಲ್ಪ ಮೇಲೆ ಕೂತಿರುತ್ತದೆ. ಒಂದು ಅಕ್ಷರ ವಾಲಿರುತ್ತದೆ. ಹೀಗೆ ಪ್ರತಿ ಅಚ್ಚಿಗೂ ಅದರದೇ ಗುರುತು ಇದೆ. ಒಂದು ಮುಂಬದಿ ಅಚ್ಚು, ಒಂದು ಹಿಂಬದಿ ಅಚ್ಚು, ಇವುಗಳ ಒಂದು ಜೋಡಿಯನ್ನು ನಾವು ಒಂದು ಡೈ ವೆರೈಟಿ ಎನ್ನುತ್ತೇವೆ. ಮುಂಬದಿ ಅದೇ ಇದ್ದು ಹಿಂಬದಿ ಬದಲಾದರೆ ಅದು ಬೇರೆ ವೆರೈಟಿ.

ಗುರುತುಗಳಲ್ಲಿ ಎರಡು ಜಾತಿ. ಅಚ್ಚು ಗಡಸಾಗುವ ಮೊದಲು ಅದರಲ್ಲಿ ಇಳಿದದ್ದು ಒಂದು ಜಾತಿ. ಅಂದರೆ ನಕ್ಷತ್ರ, ಅಕ್ಷರ, ಅಂಕಿ, ಇವುಗಳ ಜಾಗ. ಅವು ಕೊನೆಯವರೆಗೂ ಕದಲುವುದಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಬಂದದ್ದು ಇನ್ನೊಂದು. ಬಿರುಕು, ಡಿಕ್ಕಿಯ ಕಲೆ, ಉಜ್ಜಿದ ಗೆರೆ. ಮೊದಲನೆಯದು ಅಚ್ಚು ಯಾವುದು ಅಂತ ಹೇಳುತ್ತದೆ. ಎರಡನೆಯದು ಅದಕ್ಕೆ ಎಷ್ಟು ವಯಸ್ಸಾಗಿತ್ತು ಅಂತ ಹೇಳುತ್ತದೆ. ಹೊಸದಾಗಿ ಶುರು ಮಾಡುವವರ ಕಣ್ಣು ಮೊದಲು ಬಿರುಕಿನ ಮೇಲೆ ಬೀಳುತ್ತದೆ, ಯಾಕೆಂದರೆ ಅದು ಎದ್ದು ಕಾಣುತ್ತದೆ. ಆದರೆ ಅದೇ ಅಚ್ಚಿನ ಮೊದಲ ನಾಣ್ಯಗಳಲ್ಲಿ ಬಿರುಕೇ ಇರುವುದಿಲ್ಲ. ಆದ್ದರಿಂದ ಜಾಗಗಳನ್ನು ಮೊದಲು ನೋಡಿ. ಬಿರುಕು ಆಮೇಲೆ.

ಒಂದು ನಾಣ್ಯ ಹಿಡಿದುಕೊಂಡು ನೋಡೋಣ. 1806ರ ಹಾಫ್ ಈಗಲ್. ಆ ವರ್ಷ ಒಟ್ಟು 64,093 ಬಂದವು ಅಂತ ಲೆಕ್ಕ ಇದೆ. ಮುಂಬದಿಯಲ್ಲಿ ಲಿಬರ್ಟಿ ಟೋಪಿ ಹಾಕಿಕೊಂಡು ಬಲಕ್ಕೆ ನೋಡುತ್ತಿದ್ದಾಳೆ. ಎರಡೂ ಪಕ್ಕ ನಕ್ಷತ್ರಗಳಿವೆ. ಎಣಿಸಿ. ಎಡಕ್ಕೆ 8, ಬಲಕ್ಕೆ 5 ಇದ್ದರೆ ಒಂದು ಗುಂಪು. ಎಡಕ್ಕೆ 7, ಬಲಕ್ಕೆ 6 ಇದ್ದರೆ ಇನ್ನೊಂದು. ಈಗ ಇಸವಿಯ 6 ನೋಡಿ. 8 ಮತ್ತು 5 ನಕ್ಷತ್ರದ ನಾಣ್ಯದಲ್ಲಿ 6ರ ಮೇಲಿನ ತುದಿ ಚೂಪಾಗಿ ಮುಗಿಯುತ್ತದೆ. 7 ಮತ್ತು 6ರದರಲ್ಲಿ ಆ ತುದಿಗೆ ಗುಂಡನೆಯ ಗುಬುಟು ಇದೆ. ಎರಡು ಬೇರೆ ಬೇರೆ ಪಂಚ್‌ಗಳು. ಗುಬುಟಿನ 6 ಹೆಚ್ಚು ಸಿಗುತ್ತದೆ, ಚೂಪು 6 ಕಡಿಮೆ.

ಇಷ್ಟಕ್ಕೆ ಗುಂಪು ಗೊತ್ತಾಯಿತು. ಅಚ್ಚು ಗೊತ್ತಾಗಿಲ್ಲ. ಚೂಪು 6ರ ಒಳಗೇ ಒಂದಕ್ಕಿಂತ ಹೆಚ್ಚು ಅಚ್ಚುಗಳಿವೆ. ಈಗ ಸೂಕ್ಷ್ಮಕ್ಕೆ ಇಳಿಯಬೇಕು. ಲಿಬರ್ಟಿ ಎಂಬ ಪದದ ಕೊನೆಯ ಅಕ್ಷರಕ್ಕೂ ಅದರ ಪಕ್ಕದ ನಕ್ಷತ್ರಕ್ಕೂ ಎಷ್ಟು ಅಂತರ? ನಕ್ಷತ್ರದ ಒಂದು ಮೊನೆ ಅಕ್ಷರದ ಕಡೆ ನೋಡುತ್ತಿದೆಯೋ ಅಥವಾ ಎರಡು ಮೊನೆಗಳ ನಡುವಿನ ಸಂದೋ? ಇಸವಿಯ 1 ಕೂದಲ ಸುರುಳಿಗೆ ತಾಗಿದೆಯೋ? ಕೊನೆಯ ಅಂಕಿ ಎದೆಯ ಗೆರೆಗೆ ಎಷ್ಟು ಹತ್ತಿರ? ಆಮೇಲೆ ಹಿಂಬದಿ. ಗುರಾಣಿಯ ಹದ್ದಿದ್ದರೆ ನಾನು ಮೊದಲು ಕೊಕ್ಕಿಗೆ ಹೋಗುತ್ತೇನೆ. ಕೊಕ್ಕಿನ ಎದುರಿನ ನಕ್ಷತ್ರ ಅದನ್ನು ಮುಟ್ಟಿದೆಯೋ, ಯಾವ ಮೊನೆಯಿಂದ ಮುಟ್ಟಿದೆ? ಅಲ್ಲಿಂದ ರೆಕ್ಕೆಯ ತುದಿಗೆ, ಅದು ಯಾವ ಅಕ್ಷರದ ಯಾವ ಕಾಲಿನ ನೇರಕ್ಕಿದೆ ಅಂತ. ಕೊನೆಗೆ ಕೆಳಗೆ ಬಾಣಗಳ ಮೊನೆ, ಎಲೆಯ ತುದಿ. ಈ ನಾಲ್ಕೈದು ಜಾಗ ಹೊಂದಿದರೆ ಅಚ್ಚು ಸಿಕ್ಕ ಹಾಗೆ.

ಮಿಲಿಮೀಟರಿನಲ್ಲಿ ಅಳೆಯುವುದಕ್ಕಿಂತ ಹೀಗೆ ಒಂದಕ್ಕೊಂದು ಹೋಲಿಸಿ ನೋಡುವುದು ಮೇಲು. ಫೋಟೊದ ಅಳತೆ ಬದಲಾಗುತ್ತದೆ. ಆದರೆ ಮೊನೆ ಯಾವ ಅಕ್ಷರದ ಕಡೆ ನೋಡುತ್ತಿದೆ ಅನ್ನುವುದು ಬದಲಾಗುವುದಿಲ್ಲ.

ಕೆಲವು ವೆರೈಟಿಗಳನ್ನು ಗುರುತಿಸಲು ಇಷ್ಟೆಲ್ಲ ಬೇಕಿಲ್ಲ, ಎಣಿಸಲು ಬಂದರೆ ಸಾಕು. 1795ರ ಈಗಲ್ ಹಿಂಬದಿಯ ತಾಳೆಗರಿಯಲ್ಲಿ ಸಾಮಾನ್ಯವಾಗಿ 13 ಎಲೆಗಳಿರುತ್ತವೆ. ಒಂದೇ ಒಂದು ಅಚ್ಚಿನಲ್ಲಿ 9 ಎಲೆ. ಅದು ತುಂಬ ಅಪರೂಪ. 1798ರ ಈಗಲ್‌ಗಳಲ್ಲಿ ಎರಡೇ ಬಗೆ. ಎರಡರಲ್ಲೂ 8ರ ಕೆಳಗೆ 7 ಇಣುಕುತ್ತದೆ, ಅಂದರೆ 1797ಕ್ಕೆಂದು ಮಾಡಿಟ್ಟ ಅಚ್ಚಿನ ಮೇಲೆ 8 ಹೊಡೆದದ್ದು. ಒಂದರಲ್ಲಿ ನಕ್ಷತ್ರಗಳು ಎಡಕ್ಕೆ 9, ಬಲಕ್ಕೆ 4. ಇನ್ನೊಂದರಲ್ಲಿ 7 ಮತ್ತು 6. ಹಾಫ್ ಈಗಲ್‌ಗಳಲ್ಲೂ ಇದೇ ಕಥೆ. 1802 ಎಂದಿರುವುದೆಲ್ಲ 1801ರ ಮೇಲೆ ಹೊಡೆದದ್ದು, 1803 ಎಂದಿರುವುದೆಲ್ಲ 1802ರ ಮೇಲೆ. ಒಳ್ಳೆಯ ಉಕ್ಕನ್ನು ಅವರು ಎಸೆಯುತ್ತಿರಲಿಲ್ಲ.

ನಕ್ಷತ್ರಗಳ ಒಟ್ಟು ಸಂಖ್ಯೆಯಲ್ಲೂ ಚರಿತ್ರೆ ಇದೆ. 1795ರಲ್ಲಿ 15 ರಾಜ್ಯಗಳು, ಹಾಗಾಗಿ 15 ನಕ್ಷತ್ರ. 1796ರ ಜೂನ್ 1ರಂದು ಟೆನೆಸ್ಸಿ ಸೇರಿತು, 16 ಆಯಿತು. ರಾಜ್ಯ ಸೇರಿದ ಹಾಗೆಲ್ಲ ನಕ್ಷತ್ರ ಸೇರಿಸುತ್ತಾ ಹೋದರೆ ಜಾಗ ಸಾಲದು ಅಂತ ಗೊತ್ತಾಗಿ 13ಕ್ಕೆ ಇಳಿದರು. 1797ರ ಹಾಫ್ ಈಗಲ್‌ನಲ್ಲಿ 15 ನಕ್ಷತ್ರದ್ದೂ ಇದೆ, 16ರದ್ದೂ ಇದೆ. ಒಂದೇ ಇಸವಿಯಲ್ಲಿ ಹಳೆ ಲೆಕ್ಕ, ಹೊಸ ಲೆಕ್ಕ ಎರಡೂ!

ನನಗೆ ತುಂಬ ಇಷ್ಟವಾದದ್ದು 1795ರ ಹಾಫ್ ಈಗಲ್‌ನ ಒಂದು ಹಿಂಬದಿ ಅಚ್ಚು. ಸುತ್ತಲೂ ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ ಎಂದು ಬರೆದಿದೆ. ಸ್ಟೇಟ್ಸ್ ಪದದ ಕೊನೆಯ ಎಸ್ ಅಕ್ಷರವನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಅಡಿಯಲ್ಲಿ ಡಿ ಇದೆ. ಯುನೈಟೆಡ್ ಪದ ಮುಗಿಯುವುದು ಡಿ ಅಕ್ಷರದಲ್ಲಿ, ಅಲ್ವಾ? ಕೆಲಸಗಾರ ಎರಡನೆಯ ಪದದ ಕೊನೆಗೆ ಬಂದಾಗ ಮತ್ತೆ ಡಿ ಪಂಚನ್ನೇ ಎತ್ತಿಕೊಂಡಿದ್ದಾನೆ. ಹೊಡೆದ ಮೇಲೆ ಗೊತ್ತಾಗಿ ಮೇಲೆ ಎಸ್ ಹೊಡೆದು ಸರಿಮಾಡಿದ್ದಾನೆ. ಎರಡು ಶತಮಾನದ ಹಿಂದೆ ಆ ಕೋಣೆಯಲ್ಲಿ ಒಬ್ಬ ಮನುಷ್ಯನ ಗಮನ ಒಂದು ಗಳಿಗೆ ಎತ್ತಲೋ ಹೋದದ್ದು ಚಿನ್ನದಲ್ಲಿ ಉಳಿದಿದೆ. ಯಾವ ಕಡತದಲ್ಲೂ ಇದು ಸಿಗುವುದಿಲ್ಲ.

1803ರ ಈಗಲ್ ಒಂದರಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಇದೆ. ಹಿಂಬದಿಯಲ್ಲಿ ಇರಬೇಕಾದ್ದು 13 ನಕ್ಷತ್ರ. ಒಂದು ಅಚ್ಚಿನಲ್ಲಿ ಬಲತುದಿಯ ಮೋಡದೊಳಗೆ ಹದಿನಾಲ್ಕನೆಯ ಪುಟ್ಟ ನಕ್ಷತ್ರ ಹುದುಗಿದೆ. ಹೇಳಿಕೊಟ್ಟರೆ ಕಾಣುತ್ತದೆ, ಇಲ್ಲದಿದ್ದರೆ ಮೋಡದ ಗೆರೆ ಅಂತಲೇ ಕಣ್ಣು ದಾಟಿಸಿಬಿಡುತ್ತದೆ.

ಈಗ ವಯಸ್ಸಿನ ಗುರುತುಗಳು. ಗಡಸು ಉಕ್ಕು ಪೆಟ್ಟು ತಿಂದೂ ತಿಂದೂ ಬಿರುಕು ಬಿಡುತ್ತದೆ. ಅಚ್ಚಿನ ಬಿರುಕು ತಗ್ಗು, ಆದ್ದರಿಂದ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ಇದನ್ನು ನೆನಪಿಡಿ. ತಗ್ಗಾದ ಗೆರೆ ಕಂಡರೆ ಅದು ಆ ಒಂದು ನಾಣ್ಯದ ಗೀರು, ಅಚ್ಚಿನದಲ್ಲ. ಉಬ್ಬಿದ ಗೆರೆ ಕಂಡರೆ ಅದು ಅಚ್ಚಿನದು. ಬಿರುಕು ದಿನದಿನಕ್ಕೆ ಬೆಳೆಯುತ್ತದೆ, ತಾನಾಗಿ ಕೂಡಿಕೊಳ್ಳುವುದಿಲ್ಲ. ಅಂಚಿನಲ್ಲಿ ಸಣ್ಣಗೆ ಶುರುವಾಗಿ, ಒಂದು ಅಕ್ಷರ ದಾಟಿ, ಹದ್ದಿನ ರೆಕ್ಕೆ ಸೇರುತ್ತದೆ. ಕೊನೆಗೆ ಅಂಚಿನ ಒಂದು ತುಂಡೇ ಕಿತ್ತುಹೋದರೆ ನಾಣ್ಯದ ಅಂಚಿನಲ್ಲಿ ಆ ಜಾಗ ಬರೀ ಉಬ್ಬಾಗಿ, ವಿನ್ಯಾಸವೇ ಇಲ್ಲದೆ ಬರುತ್ತದೆ.

ಕೆಲವು ಸಲ ಚಿನ್ನದ ಬಿಲ್ಲೆ ಇಡುವುದು ತಪ್ಪಿ ಪ್ರೆಸ್ ಇಳಿಯುತ್ತಿತ್ತು. ಆಗ ಎರಡು ಅಚ್ಚುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು, ಒಂದರ ವಿನ್ಯಾಸ ಇನ್ನೊಂದರ ಮೇಲೆ ಮಂಕಾಗಿ ಮೂಡುತ್ತಿತ್ತು. ಆಮೇಲೆ ಒತ್ತಿದ ನಾಣ್ಯಗಳಲ್ಲಿ ಲಿಬರ್ಟಿಯ ಮುಖದ ಮುಂದೆ ಹದ್ದಿನ ರೆಕ್ಕೆಯ ಅಂಚು ನೆರಳಿನ ಹಾಗೆ ಕಾಣುತ್ತದೆ. ಇದನ್ನು ಅಳಿಸಲು ಅಚ್ಚನ್ನು ಉಜ್ಜುತ್ತಿದ್ದರು. ಉಜ್ಜಿದಾಗ ಆಳ ಕಡಿಮೆ ಇದ್ದ ಭಾಗಗಳೂ ಹೋಗುತ್ತವೆ. ಎಲೆಯ ತೊಟ್ಟು ಮಾಯ, ಕೂದಲ ಸುರುಳಿ ತೆಳುವಾಗುತ್ತದೆ. ಇದನ್ನು ನೋಡಿ ಹೊಸ ಅಚ್ಚು ಸಿಕ್ಕಿತು ಅಂತ ಸಂಭ್ರಮಪಡುವವರು ಬಹಳ. ಅಕ್ಷರ, ನಕ್ಷತ್ರಗಳ ಜಾಗ ಕದಲಿದೆಯೋ ನೋಡಿ. ಕದಲಿಲ್ಲ ಅಂದರೆ ಅದೇ ಅಚ್ಚು, ಉಜ್ಜಿದ್ದು ಅಷ್ಟೆ.

ಈ ವಯಸ್ಸಿನಿಂದ ಏನು ಪ್ರಯೋಜನ? ಒಂದು ಹಿಂಬದಿ ಅಚ್ಚು ಎರಡು ಮುಂಬದಿಗಳ ಜೊತೆ ಕೆಲಸ ಮಾಡಿದೆ ಅಂದುಕೊಳ್ಳಿ. ಒಂದು ಜೋಡಿಯ ನಾಣ್ಯಗಳಲ್ಲಿ ಅದಕ್ಕೆ ಬಿರುಕಿಲ್ಲ. ಇನ್ನೊಂದು ಜೋಡಿಯಲ್ಲಿ ಬಿರುಕಿದೆ. ಯಾವ ಜೋಡಿ ಮೊದಲು ಅಂತ ಈಗ ಹೇಳಬಹುದು. ಬಿರುಕಿರುವ ಜೋಡಿಯ ಇಸವಿ ಹಿಂದಿನದಾಗಿದ್ದರೂ ಅದೇ ಆಮೇಲಿನದು. ಹೀಗೆ ಕೊಂಡಿ ಸೇರಿಸುತ್ತಾ ಹೋದರೆ ಟಂಕಸಾಲೆ ಯಾವ ಕ್ರಮದಲ್ಲಿ ಕೆಲಸ ಮಾಡಿತು ಅನ್ನುವುದು ಬಿಚ್ಚಿಕೊಳ್ಳುತ್ತದೆ.

ಶುರುವಿನ ಎರಡು ನಾಣ್ಯಗಳಿಗೆ ಈಗ ಬರಬಹುದು. ಗುರಾಣಿ ಹದ್ದಿನ 1795ರ ಹಾಫ್ ಈಗಲ್ ಅನ್ನು 1797-98ರ ಸುಮಾರಿನಲ್ಲಿ ಒತ್ತಿದ್ದು ಅಂತ ತಿಳಿದವರು ಹೇಳುತ್ತಾರೆ. ಕೆಲಸಕ್ಕೆ ಬರುವಂಥ ಒಂದು ಹಳೆಯ ಮುಂಬದಿ ಅಚ್ಚು ಉಳಿದಿತ್ತು, ಅದನ್ನು ಹೊಸ ಹಿಂಬದಿಯ ಜೊತೆ ಕೂಡಿಸಿದರು. 1798ರ ಪುಟ್ಟ ಹದ್ದು ಇದರ ತಲೆಕೆಳಗು: ಹೊಸ ಮುಂಬದಿ, ಮೂಲೆಯಲ್ಲಿದ್ದ ಹಳೆಯ ಹಿಂಬದಿ. ಅಂಥವು ಈಗ ಲೋಕದಲ್ಲಿ ಸುಮಾರು ಏಳು ಮಾತ್ರ ಗೊತ್ತಿವೆ. ಆ ವರ್ಷಗಳಲ್ಲಿ ಫಿಲಡೆಲ್ಫಿಯಕ್ಕೆ ಹಳದಿ ಜ್ವರ ಮತ್ತೆ ಮತ್ತೆ ಬಂತು. 1797, 1798, 1799ರಲ್ಲಿ ಟಂಕಸಾಲೆ ಕೆಲವು ಕಾಲ ಬಾಗಿಲು ಹಾಕಬೇಕಾಯಿತು. ಮತ್ತೆ ತೆರೆದಾಗ ಕೈಗೆ ಸಿಕ್ಕ ಅಚ್ಚುಗಳನ್ನು ಬಳಸಿಕೊಂಡರು ಅನ್ನುವುದು ಒಂದು ವಿವರಣೆ. ನನಗೆ ಅದು ಸರಿ ಅನ್ನಿಸುತ್ತದೆ.

ಇಸವಿಯನ್ನು ನಂಬಲಾಗದು ಅನ್ನುವುದಕ್ಕೆ ಇನ್ನೂ ದೊಡ್ಡ ಸಾಕ್ಷಿ 1804. ಆ ವರ್ಷ 19,570 ಬೆಳ್ಳಿ ಡಾಲರ್ ಹೊರಬಂದವು ಎಂದು ಲೆಕ್ಕ ಇದೆ. ಆದರೆ ಅವುಗಳ ಮೇಲಿದ್ದದ್ದು ಹಿಂದಿನ ಇಸವಿ. ಈಗಲ್ ಮಾತ್ರ ನಿಜವಾಗಿ 1804 ಎಂದೇ ಬಂತು. ಆ ವರ್ಷಕ್ಕೆ ಈಗಲ್ ನಿಂತೂ ಹೋಯಿತು. ಮೂವತ್ತು ವರ್ಷ ಆದ ಮೇಲೆ ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿಯ ಕೈಯಲ್ಲಿ ಮಸ್ಕತ್ತಿನ ಸುಲ್ತಾನನಿಗೆ, ಸಯಾಮಿನ ರಾಜನಿಗೆ ಉಡುಗೊರೆಯಾಗಿ ಅಮೆರಿಕದ ನಾಣ್ಯಗಳ ಪೂರ್ತಿ ಸೆಟ್ ಕಳಿಸಬೇಕಾಯಿತು. ಪೂರ್ತಿ ಅಂದ ಮೇಲೆ ಡಾಲರ್ ಮತ್ತು ಈಗಲ್ ಇರಲೇಬೇಕು. ಪುಸ್ತಕ ತೆಗೆದು ನೋಡಿದರು. ಎರಡಕ್ಕೂ ಕೊನೆಯ ವರ್ಷ 1804 ಎಂದಿತ್ತು. ಅದೇ ಇಸವಿ ಹಾಕಿ 1834ರಲ್ಲಿ ಹೊಸ ಅಚ್ಚು ಮಾಡಿದರು.

ಈಗಲ್ ವಿಷಯದಲ್ಲಿ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಎಲ್ಲಿದೆ ಗೊತ್ತೇ? 4ರಲ್ಲಿ. 1804ರಲ್ಲೇ ಒತ್ತಿದ ನಾಣ್ಯದ 4ರ ಅಡ್ಡಗೆರೆಯ ಬಲತುದಿಯಲ್ಲಿ ಒಂದು ಸಣ್ಣ ನಿಲುಗೆರೆ ಇದೆ. 1834ರಲ್ಲಿ ಮಾಡಿದ್ದರಲ್ಲಿ ಆ ನಿಲುಗೆರೆ ಇಲ್ಲ, ಅಡ್ಡಗೆರೆ ಸುಮ್ನೆ ಮುಗಿದುಹೋಗುತ್ತದೆ. ಆ ಕಾಲಕ್ಕೆ ಅಂಕಿಯ ಪಂಚ್ ಬೇರೆಯಾಗಿತ್ತು. ಈ ಬೋಳು 4ರ ನಾಣ್ಯಗಳು ಈಗ ನಾಲ್ಕು ಮಾತ್ರ ಇವೆ. ಮೂವತ್ತು ವರ್ಷದ ಅಂತರವನ್ನು ಒಂದು ಸಾಸಿವೆಯಷ್ಟೂ ಇಲ್ಲದ ಗೆರೆ ಹೇಳುತ್ತದೆ. ಅಚ್ಚನ್ನು ಓದುವ ಕೆಲಸ ನನಗೆ ಹಿಡಿಸಿದ್ದೇ ಇಂಥದ್ದಕ್ಕೆ.

ಬೆಲೆ ಬರೆಯದ ವಿಷಯ ಆಮೇಲೆ ಬರುತ್ತದೆ ಅಂದಿದ್ದೆ. ಕ್ವಾರ್ಟರ್ ಈಗಲ್ ಎರಡೂವರೆ ಡಾಲರಿನ ಚಿನ್ನ. ಡೈಮ್ ಎಂಬುದು 10 ಸೆಂಟಿನ ಬೆಳ್ಳಿ ನಾಣ್ಯ. ಬೆಲೆಯಲ್ಲಿ ಇಪ್ಪತ್ತೈದು ಪಟ್ಟು ವ್ಯತ್ಯಾಸ. ಆದರೆ ಅಗಲ ಹೆಚ್ಚುಕಡಿಮೆ ಒಂದೇ, ಸುಮಾರು 20 ಮಿಲಿಮೀಟರ್. ಹಿಂಬದಿಯ ವಿನ್ಯಾಸವೂ ಒಂದೇ, ಗುರಾಣಿಯ ಹದ್ದು. ಎರಡರ ಮೇಲೂ ಬೆಲೆ ಬರೆದಿಲ್ಲ. ಹಾಗಿದ್ದ ಮೇಲೆ ಎರಡು ಅಚ್ಚು ಯಾಕೆ? ಒಂದೇ ಹಿಂಬದಿ ಅಚ್ಚನ್ನು ಬೆಳ್ಳಿಗೂ ಚಿನ್ನಕ್ಕೂ ಬಳಸಿದರು. 1804ರದು ಎಲ್ಲಕ್ಕಿಂತ ಚೆನ್ನಾಗಿದೆ. ಆ ವರ್ಷದ ಒಂದು ಹಿಂಬದಿ ಅಚ್ಚಿನಲ್ಲಿ ಹದ್ದಿನ ತಲೆಯ ಸುತ್ತ 13ರ ಬದಲು 14 ನಕ್ಷತ್ರ ಬಿದ್ದಿವೆ. ಅದೇ 14 ನಕ್ಷತ್ರದ ಹದ್ದು 1804ರ ಡೈಮ್ ಮೇಲೂ ಇದೆ, ಕ್ವಾರ್ಟರ್ ಈಗಲ್ ಮೇಲೂ ಇದೆ. ಹಾಗಾಗಿ ಚಿನ್ನದ ನಾಣ್ಯ ಓದುವವರು ಬೆಳ್ಳಿಯನ್ನೂ ಓದಬೇಕು. ಚಿನ್ನದಲ್ಲಿ ಸಿಗದ ಬಿರುಕಿನ ಹಂತ ಬೆಳ್ಳಿಯಲ್ಲಿ ಸಿಗಬಹುದು.

ಬಿಡಬೇಕಾದ ಗುರುತು ಒಂದಿದೆ. ಈ ನಾಣ್ಯಗಳ ಮೇಲೆ ಸಾಲುಸಾಲಾಗಿ ಓರೆ ಗೀರುಗಳು ಕಾಣುತ್ತವೆ. ಬಿಲ್ಲೆ ತೂಕ ಹೆಚ್ಚಿದ್ದರೆ ಒತ್ತುವ ಮೊದಲು ಅರದಿಂದ ಉಜ್ಜಿ ಸರಿ ಮಾಡುತ್ತಿದ್ದರು. ಆ ಅರದ ಗೆರೆ ಒತ್ತಿದ ಮೇಲೂ ಪೂರ್ತಿ ಹೋಗುತ್ತಿರಲಿಲ್ಲ. ಅದು ಆ ಒಂದು ಬಿಲ್ಲೆಯದು, ಅಚ್ಚಿನದಲ್ಲ. ಗೆರೆ ತಗ್ಗಾಗಿರುತ್ತದೆ ಅನ್ನುವುದರಿಂದಲೇ ಗೊತ್ತಾಗುತ್ತದೆ. ಅದನ್ನು ಯಾರೋ ಆಮೇಲೆ ಮಾಡಿದ ಹಾಳು ಅಂತಲೂ ಬಗೆಯಬೇಡಿ.

ಹೆಸರಿಡುವ ಪದ್ಧತಿಯ ಬಗ್ಗೆ ಎರಡು ಮಾತು. ಇವತ್ತು ಹರಾಜಿನ ಪಟ್ಟಿಗಳಲ್ಲಿ ಈ ನಾಣ್ಯಗಳ ಪಕ್ಕ ಬಿ.ಡಿ. 1, ಬಿ.ಡಿ. 3 ಅಂತ ಸಂಖ್ಯೆ ಇರುತ್ತದೆ. ಬಿ ಎಂದರೆ ಹ್ಯಾರಿ ಬಾಸ್, ಡಿ ಎಂದರೆ ಜಾನ್ ಡಾನ್‌ರಾಯ್ಟರ್. ಬಾಸ್ ಡಲ್ಲಾಸಿನವರು. ಇಸವಿಗೆ ಒಂದು ನಾಣ್ಯ ಸಿಕ್ಕರೆ ಸಾಕು ಅನ್ನುವ ಸಂಗ್ರಾಹಕ ಅವರಲ್ಲ. ಒಂದೇ ಅಚ್ಚಿನ ಬೇರೆ ಬೇರೆ ವಯಸ್ಸಿನ ನಾಣ್ಯಗಳನ್ನೂ ಕೊಳ್ಳುತ್ತಿದ್ದರು. ಟಿಪ್ಪಣಿ ಬರೆದಿಡುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡರು. ಆ ಟಿಪ್ಪಣಿಗಳನ್ನು ಆಧರಿಸಿ ಡಾನ್‌ರಾಯ್ಟರ್ 1795ರಿಂದ 1834ರವರೆಗಿನ ಚಿನ್ನದ ಅಚ್ಚುಗಳಿಗೆಲ್ಲ ಸಂಖ್ಯೆ ಕೊಟ್ಟರು. 2006ರಲ್ಲಿ ಅದು ಪ್ರಕಟವಾಯಿತು. ಸಂಖ್ಯೆಯ ಜೊತೆ ಬರುವ ಆರ್ ಅಕ್ಷರ ಎಷ್ಟು ಅಪರೂಪ ಅನ್ನುವುದಕ್ಕೆ. ಆರ್ 4 ಎಂದರೆ 76ರಿಂದ 200 ಉಳಿದಿವೆ. ಆರ್ 7 ಎಂದರೆ 4ರಿಂದ 12. ಆರ್ 8 ಎಂದರೆ 3 ಅಥವಾ ಅದಕ್ಕೂ ಕಡಿಮೆ.

ಇಷ್ಟು ಕಡಿಮೆ ಉಳಿಯಲು ಕಾರಣ ಚಿನ್ನದ ಬೆಲೆ. ಅಮೆರಿಕದ ಕಾನೂನಿನಲ್ಲಿ ಒಂದು ತೂಕ ಚಿನ್ನಕ್ಕೆ 15 ತೂಕ ಬೆಳ್ಳಿ. ಹೊರಗಿನ ಮಾರುಕಟ್ಟೆಯಲ್ಲಿ ಚಿನ್ನಕ್ಕೆ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು. ವ್ಯಾಪಾರಿಗಳು ಹೊರಗೆ ಕಳಿಸಿ ಕರಗಿಸಿದರು. 1834ರ ಜೂನ್ 28ರ ಕಾನೂನು ನಾಣ್ಯದ ತೂಕ ಇಳಿಸಿತು. ಹಳೆಯ ನಾಣ್ಯದಲ್ಲಿ ಅದರ ಬೆಲೆಗಿಂತ ಹೆಚ್ಚಿನ ಚಿನ್ನ ಇದ್ದದ್ದರಿಂದ ಉಳಿದದ್ದೂ ಮೂಸೆ ಸೇರಿತು. 1822ರ ಹಾಫ್ ಈಗಲ್ 17,796 ಬಂದವು ಎಂದು ಲೆಕ್ಕ ಇದೆ. ಈಗ ಇರುವುದು ಮೂರು. ಎರಡು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿವೆ. ಮೂರನೆಯದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಹೋಯಿತು.

ನಮ್ಮಲ್ಲಿ ಯಾರ ಬಳಿಯೂ ಇಂಥ ನಾಣ್ಯ ಇರಲಾರದು. ಹಾಗಂತ ಈ ಕಲಿಕೆ ದೂರದ್ದಲ್ಲ. ಹರಾಜಿನ ಸಂಸ್ಥೆಗಳು ದೊಡ್ಡ ದೊಡ್ಡ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. 1799ರ ಈಗಲ್ ಒಂದಕ್ಕೇ ಹತ್ತು ವೆರೈಟಿಗಳಿವೆ. ಅವುಗಳ ಚಿತ್ರ ಪಕ್ಕಪಕ್ಕ ಇಟ್ಟುಕೊಂಡು ಸಂಖ್ಯೆ ನೋಡದೆ ಗುರುತಿಸಲು ಕೂತುಕೊಳ್ಳಿ. ಕಣ್ಣು ಪಳಗುತ್ತದೆ. ಆ ಕಣ್ಣನ್ನು ನಮ್ಮ ಮನೆಯ ನಾಣ್ಯಗಳ ಕಡೆ ತಿರುಗಿಸಬೇಕು ಅನ್ನುವುದು ನನ್ನ ಆಸೆ. ಫಿಲಡೆಲ್ಫಿಯದಲ್ಲಿ ಮೊದಲ ಹಾಫ್ ಈಗಲ್ ಒತ್ತುವ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಟಂಕಸಾಲೆ ನಡೆಯುತ್ತಿತ್ತು. ಅಲ್ಲಿಯ ತಾಮ್ರದ ಆನೆ ಪೈಸೆಗಳ ಅಚ್ಚೂ ಕೈಕೆಲಸವೇ. ಒಂದು ಆನೆ ಎಡಕ್ಕೆ, ಒಂದು ಬಲಕ್ಕೆ. ಸೊಂಡಿಲ ತಿರುವು, ಬಾಲದ ನೆಲೆ, ಸುತ್ತಲಿನ ಚುಕ್ಕಿಗಳು, ಯಾವುದೂ ಒಂದರಂತೆ ಇನ್ನೊಂದಿಲ್ಲ. ನಿಮ್ಮ ಡಬ್ಬಿಯಲ್ಲಿರುವ ಪೈಸೆಗಳನ್ನು ಟಂಕಸಾಲೆ, ಇಸವಿ ಅಂತ ಮಾತ್ರ ವಿಂಗಡಿಸಬೇಡಿ. ಒಂದೇ ಅಚ್ಚಿನವು ಎರಡು ಸಿಗುತ್ತವೆಯೇ ನೋಡಿ. ಸಿಕ್ಕರೆ ಚಿತ್ರ ತೆಗೆದು ಜೋಡಿಸಿಡಿ.

ಚಿತ್ರ ತೆಗೆಯುವಾಗ ದೀಪವನ್ನು ನೇರ ಮೇಲಿಂದ ಬಿಡಬೇಡಿ. ಪಕ್ಕದಿಂದ ತಗ್ಗಿನಲ್ಲಿ ಬಿಡಿ, ಆಗ ಉಬ್ಬು ತಗ್ಗು ಗೊತ್ತಾಗುತ್ತದೆ. ದೀಪವನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಇಟ್ಟು ತೆಗೆದರೆ ಇನ್ನೂ ಒಳ್ಳೆಯದು.

ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ನಕಲಿ ನಾಣ್ಯ ಹಿಡಿಯಲು ಇದು ಸಹಾಯ ಮಾಡುತ್ತದೆಯೇ ಅಂತ. ಖಂಡಿತ ಮಾಡುತ್ತದೆ. ಈ ಕಾಲದ ಚಿನ್ನದ ಅಚ್ಚುಗಳನ್ನು ತುಂಬ ಜನ ತುಂಬ ವರ್ಷ ಕೂತು ಹುಡುಕಿದ್ದಾರೆ. ಗೊತ್ತಿರುವ ಯಾವ ಅಚ್ಚಿಗೂ ಹೊಂದದ ನಾಣ್ಯ ಬಂದರೆ ಹೊಸ ಶೋಧ ಅಂತ ಕುಣಿಯುವ ಮೊದಲು ನಕಲಿ ಎಂದೇ ಹಿಡಿದು ಪರೀಕ್ಷೆ ಮಾಡಬೇಕು. ಮುಂಬದಿ ಒಂದು ವರ್ಷದ್ದು, ಹಿಂಬದಿ ಅದರ ಜೊತೆ ಎಂದೂ ಸೇರಲು ಸಾಧ್ಯವಿಲ್ಲದ್ದು ಇದ್ದರೂ ಅಷ್ಟೆ. ಅದಕ್ಕಿಂತ ಚಾಲಾಕಿನ ನಕಲಿ ಅಸಲಿ ನಾಣ್ಯದಿಂದಲೇ ಅಚ್ಚು ಎತ್ತಿ ಮಾಡಿದ್ದು. ಅದರಲ್ಲಿ ನಕ್ಷತ್ರ, ಅಕ್ಷರ ಎಲ್ಲವೂ ಸರಿಯಾಗಿಯೇ ಹೊಂದುತ್ತವೆ. ಆದರೆ ಆ ಅಸಲಿ ನಾಣ್ಯದ ಮೈಮೇಲೆ ಇದ್ದ ಗೀರು, ಪೆಟ್ಟಿನ ಗುರುತುಗಳೂ ಅಚ್ಚಿಗೆ ಬಂದುಬಿಡುತ್ತವೆ. ಲಿಬರ್ಟಿಯ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ, ಒಂದೇ ಆಕಾರದ ಪೆಟ್ಟು ಎರಡು ನಾಣ್ಯಗಳಲ್ಲಿ ಕಂಡರೆ ಆ ಎರಡನ್ನೂ ಪಕ್ಕಕ್ಕಿಡಿ. ಅದರಲ್ಲಿ ಒಂದಾದರೂ ನಕಲಿ, ಎಷ್ಟೋ ಸಲ ಎರಡೂ.